ಗುಂಡಿಯಿಲ್ಲದ ಜೇಬು

ಮೊನ್ನೆ ಬೆಳಿಗ್ಗೆ ಫ್ರಿಜ್ಜಿನ ಬಾಗಿಲಿನಿಂದ ಇನ್ಸುಲಿನ್ ಸೀಸೆಯೊಂದು ಜಾರಿ ಅಡುಗೆಮನೆಯ ಕಲ್ಲುನೆಲದ ಮೇಲೆ ಬಿತ್ತು. ಒಡೆದದ್ದು ಹೆಬ್ಬೆರಳ ಗಾತ್ರದ ಗಾಜು, ಆದರೆ ವಾಸನೆ ನಡುಮನೆಯವರೆಗೂ ಹಬ್ಬಿತು. ಫಿನಾಯಿಲ್ ಮತ್ತು ಗಾಯಕ್ಕೆ ಅಂಟಿಸುವ ಹೊಸ ಪ್ಲಾಸ್ಟರು ಎರಡನ್ನೂ ಕಲಸಿದಂಥ ವಾಸನೆ ಅದು. ಹನ್ನೊಂದನೆಯ ವಯಸ್ಸಿನಿಂದ ದಿನಾ ಸೂಜಿ ಚುಚ್ಚಿಕೊಂಡು ಬಂದವಳಿಗೆ ಅದೇನೂ ಹೊಸದಲ್ಲ. ಆದರೆ ಬಗ್ಗಿ ನೆಲ ಒರೆಸುತ್ತಿದ್ದಾಗ ಆ ವಾಸನೆಯ ಹಿಂದೆಯೇ ಒದ್ದೆ ಕ್ಯಾನ್ವಾಸು, ಪೆಟ್ರೋಲು, ಬಿಸಿಲಿಗೆ ಕಾದ ಬೈಕಿನ ಸೀಟು ಎಲ್ಲ ಬಂದುಬಿಟ್ಟವು. ಎರಡು ಸಾವಿರದ ಮೂರನೆಯ ಇಸವಿಯ ಬೇಸಿಗೆ ಅದು. ನಾನು ಒಂದು ಮೋಟಾರ್ ಸೈಕಲ್ಲಿಗೆ ಸಾಮಾನು ಕಟ್ಟುವುದನ್ನು ಕಲಿತ ಬೇಸಿಗೆ.

ಆಗ ನಾವು ಮದರಾಸಿನ ಅಯನಾವರದಲ್ಲಿದ್ದೆವು. ಅಪ್ಪ ತುಮಕೂರು ಕಡೆಯಿಂದ ಪೆರಂಬೂರಿಗೆ ರೈಲ್ವೆ ಕೆಲಸಕ್ಕೆ ಬಂದವರು. ನಾನು ಹುಟ್ಟಿದ್ದು ಇಲ್ಲೇ, ಓದಿದ್ದು ಇಲ್ಲೇ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆಗೇ ಇದ್ದಳು. ನಮ್ಮ ಮನೆಯ ಕನ್ನಡದಲ್ಲಿ ಅರ್ಧ ತಮಿಳು. ನನ್ನ ಗಂಡ ಮಂಜುನಾಥ ಚಿತ್ರದುರ್ಗದವನು, ಎಣ್ಣೂರಿನ ವಿದ್ಯುತ್ ಸ್ಥಾವರದಲ್ಲಿ ಶಿಫ್ಟ್ ಎಂಜಿನಿಯರ್. ಮದುವೆಯಾದ ಹೊಸದರಲ್ಲಿ ಅಮ್ಮ ಮಾತಾಡಿದರೆ ಅರ್ಥಕ್ಕಾಗಿ ನನ್ನ ಮುಖ ನೋಡುತ್ತಿದ್ದ. ನಾನು ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆ.

ಸಕ್ಕರೆ ಕಾಯಿಲೆ ನನಗೆ ಮಕ್ಕಳಲ್ಲಿ ಬರುವ ಬಗೆಯದು. ಇನ್ಸುಲಿನ್ ಇಲ್ಲದಿದ್ದರೆ ಎರಡು ದಿನ ತಡೆಯುವುದೂ ಕಷ್ಟ. ಏಳನೆಯ ತರಗತಿಯಲ್ಲಿ ಶಾಲೆಯವರು ಕನ್ಯಾಕುಮಾರಿಗೆ ಪ್ರವಾಸ ಹೊರಟಾಗ ಅಮ್ಮ ಹೆಡ್‌ಮಿಸ್ಟ್ರೆಸ್ ಹತ್ತಿರ ಹೋಗಿ ನನ್ನ ಹೆಸರು ತೆಗೆಸಿ ಬಂದಳು. ಬಸ್ಸು ಹೊರಟಾಗ ನಾನು ಗೇಟಿನ ಹತ್ತಿರ ನಿಂತು ಕೈ ಬೀಸಿದೆ. ಕಾಲೇಜಿನ ಪ್ರವಾಸಕ್ಕೂ ಅದೇ ಆಯಿತು, ಗೆಳತಿಯ ಮದುವೆಗೂ ಅದೇ. ಮದುವೆಯಾದ ಮೇಲೆ ತಿರುಪತಿಗೆ ಹೋದಾಗ ಅಮ್ಮ ಮಡಿಲಲ್ಲಿ ಫ್ಲಾಸ್ಕು ಇಟ್ಟುಕೊಂಡು ನಮ್ಮಿಬ್ಬರ ನಡುವೆ ಕೂತಿದ್ದಳು. ಅವಳನ್ನು ದೂರುವಂತಿರಲಿಲ್ಲ. ಗಾಜಿನ ಸಿರಿಂಜು ಕುದಿಸಿ, ಫ್ರಿಜ್ಜಿಲ್ಲದ ಕ್ವಾರ್ಟರ್ಸಿನಲ್ಲಿ ಗಡಿಗೆಯ ಒದ್ದೆ ಮರಳಿನೊಳಗೆ ಸೀಸೆ ಹುಗಿದಿಟ್ಟು ನನ್ನನ್ನು ಬದುಕಿಸಿಕೊಂಡವಳು ಅವಳು. ಆದರೆ ಇಪ್ಪತ್ತಾರು ವರ್ಷವಾದರೂ ಅಮ್ಮನಿಲ್ಲದ ಊರಿನಲ್ಲಿ ನಾನು ಒಂದು ರಾತ್ರಿಯೂ ಮಲಗಿರಲಿಲ್ಲ.

ಆ ವರ್ಷದ ಆರಂಭದಲ್ಲಿ ಒಂದು ಬೆಳಿಗ್ಗೆ ಎಣ್ಣೂರಿನ ಕಡಲ ದಂಡೆಯಲ್ಲಿ ಮಂಜುವಿನ ಹತ್ತಿರ ಹೇಳಿದೆ. “ನಮ್ಮ ಸಮುದ್ರದಲ್ಲಿ ಸೂರ್ಯ ಬರೀ ಹುಟ್ಟತ್ತೆ. ಮುಳುಗೋದನ್ನ ಒಂದು ಸಲ ನೋಡ್ಬೇಕು.”

“ಅದಕ್ಕೇನು, ಕಾರವಾರಕ್ಕೆ ಹೋಗಿ ಬರಾಣ. ಬೈಕಲ್ಲೇ,” ಅಂದ ಅವನು, ಅಮಿಂಜಿಕರೈ ಮಾರ್ಕೆಟ್ಟಿಗೆ ಹೋಗಿ ಬರುವವನ ಹಾಗೆ. ಅವನ ಹತ್ತಿರ ಒಂದು ಹಳೆಯ ಭಾರದ ಬೈಕಿತ್ತು. ಅವನ ಯೂನಿಟ್ಟು ದುರಸ್ತಿಗೆ ನಿಲ್ಲುವುದು ಮೇ ತಿಂಗಳಲ್ಲಿ. ರಜೆ ಸಿಗುವುದು ಆಗ ಮಾತ್ರ.

ಮೇ ತಿಂಗಳ ಮದರಾಸಿನ ಉರಿ ಬಿಸಿಲಿಗೆ ಇಲ್ಲಿ ಕತ್ತಿರಿ ಎನ್ನುತ್ತಾರೆ. ಅಮ್ಮ ಕೇಳಿದ ಮೊದಲ ಪ್ರಶ್ನೆಯೇ ಅದು.

“ಕತ್ತಿರಿ ವೆಯಿಲಲ್ಲಾ? ಬೈಕಲ್ಲಾ? ಅವಳ ಮರುಂದು ಎಲ್ಲಿ ಇಡ್ತೀರಾ ಮಂಜು, ಪೆಟ್ರೋಲ್ ಟ್ಯಾಂಕಲ್ಲಾ? ಟ್ರೈನಲ್ಲಿ ಹೋಗೋಣ. ನಾನೂ ಬರ್ತೀನಿ.”

“ಅಮ್ಮ, ಒಂದು ಸಲ ನಾನೇ ಹೋಗಿ ಬರ್ತೀನಿ.”

ಅಮ್ಮ ನನ್ನ ಮುಖ ನೋಡಿದಳು. “ಹೋಗೋದು ಇರ್ಲಿ ವತ್ಸಲಾ. ಬರೋದು ಹೇಗೆ ಅಂತ ಯೋಚನೆ ಪಣ್ಣು,” ಎಂದು ಒಳಗೆ ಹೋದಳು.

ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ಮದ್ದನ್ನು ಎಲ್ಲಿಡುವುದು? ಇನ್ಸುಲಿನ್ನಿಗೆ ಬಿಸಿಲು ತಾಕಿದರೆ ಅದು ಕೆಡುತ್ತದೆ. ಮಂಜು ಎಂಜಿನಿಯರ್ ಬುದ್ಧಿ ಓಡಿಸಿ ಅಗಲ ಬಾಯಿಯ ಫ್ಲಾಸ್ಕು ತಂದ. ಅದರ ತುಂಬ ಮಂಜುಗಡ್ಡೆ ತುಂಬಿ, ನಡುವೆ ಸೀಸೆ ಇಟ್ಟು, ಮಾರ್ಚ್ ತಿಂಗಳ ಒಂದು ದಿನ ಪೂರ್ತಿ ತಾರಸಿಯ ಬಿಸಿಲಲ್ಲಿ ಬಿಟ್ಟ. ಸಂಜೆ ತೆಗೆದರೆ ಸೀಸೆ ಕೈ ಸುಡುವಷ್ಟು ತಣ್ಣಗಿತ್ತು. ಇಬ್ಬರೂ ಹಿಗ್ಗಿದೆವು. ಪರೀಕ್ಷೆ ಮುಗಿಯಿತು, ಸೀಸೆ ಹಾಳುಮಾಡುವುದೇಕೆ ಎಂದು ಮರುದಿನದಿಂದ ಅದನ್ನೇ ಚುಚ್ಚಿಕೊಂಡೆ.

ಮೂರನೆಯ ದಿನ ಆಫೀಸಿನಲ್ಲಿ ಎಷ್ಟು ನೀರು ಕುಡಿದರೂ ದಾಹ ಹೋಗಲಿಲ್ಲ. ಮನೆಗೆ ಬಂದು ವಾಂತಿ ಮಾಡಿಕೊಂಡೆ. ಉಸಿರು ಏದುಸಿರಾಯಿತು. ಆಟೋದಲ್ಲಿ ಕೀಲ್ಪಾಕ್ ಆಸ್ಪತ್ರೆಗೆ ಒಯ್ದರು. ಡ್ರಿಪ್ಪು ಏರಿಸಿ ಮಲಗಿಸಿದರು.

ನನ್ನನ್ನು ಪುಟ್ಟ ಹುಡುಗಿಯಾಗಿದ್ದಾಗಿನಿಂದ ನೋಡುತ್ತಿದ್ದ ಲೇಡಿ ಡಾಕ್ಟರು ಮರುದಿನ ಆ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಗಾಜಿನ ಒಳಮೈಗೆ ಬಿಳಿ ಚೂರುಗಳು ಅಂಟಿಕೊಂಡಿದ್ದವು. ಮಂಜುಗಡ್ಡೆಗೆ ತಾಗಿ ಮದ್ದು ಹೆಪ್ಪುಗಟ್ಟಿ ಕರಗಿತ್ತು. ಬಿಸಿಲಿಗೆ ಹೇಗೋ ಹಿಮಕ್ಕೂ ಹಾಗೆಯೇ ಅದು ಸಾಯುತ್ತದೆ ಎಂದು ತಮಿಳಿನಲ್ಲಿ ಬಿಡಿಸಿ ಹೇಳಿದರು. ಮಂಜು ಗೋಡೆಗೆ ಒರಗಿ ನಿಂತಿದ್ದ. ಅಮ್ಮ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

“ಡಾಕ್ಟರ್, ನಾನು ಹೋಗಬಾರದಾ?” ಎಂದು ಕೇಳಿದೆ.

ಅಮ್ಮನ ಕಣ್ಣು ಡಾಕ್ಟರ ಮೇಲಿತ್ತು. ಅವರು ಬೇಡವೆನ್ನುತ್ತಾರೆಂದು ಅವಳಿಗೆ ಖಾತ್ರಿ. ಡಾಕ್ಟರು ಸೀಸೆಯನ್ನು ಕಸದ ಡಬ್ಬಿಗೆ ಹಾಕಿ ಕೈ ತೊಳೆದುಕೊಂಡರು. “ಪೋಗಲಾಮ್. ಆನಾ ಮೂಟೆ ಕಟ್ಟ ಕತ್ತುಕ್ಕಣುಂ,” ಎಂದರು. ಹೋಗಬಹುದು, ಆದರೆ ಮೂಟೆ ಕಟ್ಟುವುದನ್ನು ಕಲಿಯಬೇಕು. ಮೊದಲು ಹತ್ತಿರದ ಏಲಗಿರಿ ಬೆಟ್ಟಕ್ಕೆ ಹೋಗಿ ಒಂದು ರಾತ್ರಿ ಕಳೆದು ಬಾ, ಹೊತ್ತುಹೊತ್ತಿನ ಸಕ್ಕರೆ ಅಳೆದು ಬಂದು ನನಗೆ ಹೇಳು, ಆಮೇಲೆ ಮಾತಾಡೋಣ ಎಂದರು.

ಕಲಿಯುವುದೆಂದರೆ ಹಾಗೆ ಶುರುವಾಯಿತು. ತಮ್ಮೂರಿನ ಹೆದ್ದಾರಿಯಲ್ಲಿ ಲಾರಿಗಳ ಮುಂದೆ ತೂಗುತ್ತಿದ್ದ ಕ್ಯಾನ್ವಾಸಿನ ನೀರಿನ ಚೀಲ ಮಂಜುವಿಗೆ ನೆನಪಾಯಿತು. ಒದ್ದೆ ಕ್ಯಾನ್ವಾಸಿಗೆ ಗಾಳಿ ತಾಗಿದರೆ ಒಳಗಿನದು ತಂಪಾಗುತ್ತದೆ, ಹೆಪ್ಪುಗಟ್ಟುವ ಭಯವಿಲ್ಲ. ಬ್ರಾಡ್ವೇ ಕಡೆಯಿಂದ ಒಂದು ಚೀಲ ತಂದು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರೀ ನೀರಿನ ಹಳೆಯ ಸೀಸೆ ಇಟ್ಟು, ತಾರಸಿಯಲ್ಲಿ ತೂಗುಹಾಕಿದ. ಆ ವರ್ಷ ಮದರಾಸಿನಲ್ಲಿ ನಲ್ಲಿಗಳೆಲ್ಲ ಒಣಗಿದ್ದವು. ಚೀಲ ಒದ್ದೆ ಮಾಡಲು ಅಮ್ಮನ ಕೊಡದಿಂದಲೇ ಚೊಂಬು ನೀರು ಕೇಳಬೇಕಿತ್ತು. ಅಮ್ಮ ಕೊಟ್ಟಳು. ಸಂಜೆ ನೋಡಿದರೆ ಚೀಲ ಬೆವರುತ್ತಿತ್ತೇ ಹೊರತು ಅಷ್ಟೇನೂ ತಣ್ಣಗಾಗಿರಲಿಲ್ಲ. ನಮ್ಮ ಕಡಲ ಗಾಳಿಯೇ ಒದ್ದೆ, ಅದಕ್ಕೆ ನೀರು ಕುಡಿಯುವ ಶಕ್ತಿಯಿಲ್ಲ. ಹಾಗಾಗಿ ವೇಲೂರು ದಾಟುವ ತನಕ ಫ್ಲಾಸ್ಕು, ಸೀಸೆಗೆ ದಪ್ಪ ಟವೆಲು ಸುತ್ತಿ ಮಂಜುಗಡ್ಡೆ ತಾಗದ ಹಾಗೆ. ಅಲ್ಲಿಂದಾಚೆ ಒಣಗಾಳಿಗೆ ಕ್ಯಾನ್ವಾಸ್ ಚೀಲ ಎಂದು ಲೆಕ್ಕ ಹಾಕಿದೆವು.

ಏಪ್ರಿಲ್ಲಿನಲ್ಲಿ ಏಲಗಿರಿಗೆ ಹೋದೆವು. ಲೆಕ್ಕ ಸರಿಹೋಯಿತು. ವೇಲೂರು ದಾಟಿದ ಮೇಲೆ ಚೀಲದೊಳಗಿನ ಡಬ್ಬಿ ಬಾವಿಯಿಂದ ಸೇದಿದ ಹಾಗಿತ್ತು. ಬೆಟ್ಟದ ಮೇಲಿನ ಲಾಡ್ಜಿನಲ್ಲಿ ಜೀವಮಾನದಲ್ಲಿ ಮೊದಲ ಬಾರಿ ಅಮ್ಮನಿಲ್ಲದ ಊರಿನಲ್ಲಿ ಸೂಜಿ ಚುಚ್ಚಿಕೊಂಡು ಮಲಗಿದೆ.

ತೊಂದರೆಯಾದದ್ದು ಮರಳುವಾಗ, ವಾಲಾಜಾ ಹತ್ತಿರ. ಮದ್ದು ಸರಿಯಿತ್ತು, ತಿಂದದ್ದು ಸಾಲದಾಗಿತ್ತು. ಸಕ್ಕರೆ ಇಳಿದಾಗ ಮೊದಲು ನನಗೆ ತುಟಿಯ ಸುತ್ತ ಜುಮ್ಮೆನ್ನುತ್ತದೆ, ಆಮೇಲೆ ಕೈ ನಡುಗುತ್ತದೆ, ಆಮೇಲೆ ಬುದ್ಧಿ ಮಂಕಾಗುತ್ತದೆ. ಹಿಂದೆ ಕೂತಿದ್ದ ನನ್ನ ತಲೆ ಅವನ ಬೆನ್ನಿಗೆ ಕುಟ್ಟಿದಾಗ ಮಂಜು ಗಾಡಿ ನಿಲ್ಲಿಸಿದ. ಗ್ಲೂಕೋಸು, ಕೊಬ್ಬರಿ ಮಿಠಾಯಿ ಎಲ್ಲ ಇದ್ದವು. ಆದರೆ ಇದ್ದದ್ದು ಚೀಲದ ತಳದಲ್ಲಿ, ಬಟ್ಟೆಗಳ ಕೆಳಗೆ, ಹಗ್ಗ ಬಿಗಿದು ಕಟ್ಟಿದ ಮೂಟೆಯೊಳಗೆ. ಅವನು ಗಂಟು ಬಿಚ್ಚಲಾಗದೆ ಹಲ್ಲಿನಿಂದ ಎಳೆಯುತ್ತಿದ್ದುದು ಮಸುಕಾಗಿ ಕಾಣುತ್ತಿತ್ತು. ಹುಣಸೆ ಮರದಡಿ ತಾಟಿನುಂಗು ಮಾರುತ್ತಿದ್ದ ಹೆಂಗಸು ಬಂದು ನನ್ನ ದವಡೆಯೊಳಗೆ ಕರಿಬೆಲ್ಲದ ತುಂಡು ತುರುಕಿದಳು. ಸ್ವಲ್ಪ ಹೊತ್ತಿಗೆ ಲೋಕ ಮತ್ತೆ ತನ್ನ ಜಾಗಕ್ಕೆ ಬಂದು ನಿಂತಿತು.

ಪೂನಮಲ್ಲಿ ಹತ್ತಿರ ಮಂಜು, “ಅತ್ತೆಗೆ ಹೇಳ್ಬೇಕು,” ಅಂದ. “ಹೇಳೋಣ,” ಅಂದೆ. ಇಲ್ಲಿಗೆ ಮುಗಿಯಿತು ಎಂದು ಇಬ್ಬರಿಗೂ ಅನ್ನಿಸಿತ್ತು.

ನಡುಮನೆಯಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದೆವು. ಅಮ್ಮ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು ಕೇಳಿದಳು. “ಸೀಸೆ ತಣ್ಣಗಿತ್ತಾ?”

“ಇತ್ತು.”

“ಸಿಹಿ ಮಾತ್ರ ಕೈಗೆ ಸಿಗ್ಲಿಲ್ಲ.”

“ಹೂಂ.”

ಅಮ್ಮ ಎದ್ದು ಒಳಗೆ ಹೋದಳು. ಅಳುತ್ತಾಳೆ ಎಂದುಕೊಂಡೆ. ಟ್ರಂಕು ತೆರೆದ ಸದ್ದಾಯಿತು. ಅಪ್ಪನ ರೈಲ್ವೆ ಯೂನಿಫಾರ್ಮಿನ ಖಾಕಿ ಬಟ್ಟೆ, ಹೊಲಿಸದೆ ಉಳಿದಿದ್ದ ತುಂಡು, ಹಿಡಿದು ಹೊರಗೆ ಬಂದಳು. “ನಿಂತ್ಕೊ,” ಎಂದು ನನ್ನ ಎದೆ ಅಳತೆ ತೆಗೆದಳು.

ಅವಳು ಹೊಲಿದದ್ದು ತೋಳಿಲ್ಲದ ಒಂದು ಅಂಗಿ, ಮೈತುಂಬ ಜೇಬು. ಒಂದರಲ್ಲಿ ಸಿರಿಂಜು, ಒಂದರಲ್ಲಿ ಸಕ್ಕರೆ ಅಳೆಯುವ ಯಂತ್ರ, ಒಳಗಡೆ ಒಂದರಲ್ಲಿ ನನ್ನ ಹೆಸರು, ಕಾಯಿಲೆ, ಏನು ಕೊಡಬೇಕು ಎಂದು ಕನ್ನಡ ತಮಿಳು ಎರಡರಲ್ಲೂ ದಾರದಲ್ಲಿ ಹೊಲಿದ ಬಟ್ಟೆ. ಎಡಗಡೆ, ಎದೆಯ ಕೆಳಗೆ, ಗ್ಲೂಕೋಸಿನ ಜೇಬು. ಉಳಿದ ಜೇಬುಗಳಿಗೆಲ್ಲ ಗುಂಡಿಯಿತ್ತು, ಅದಕ್ಕಿರಲಿಲ್ಲ. ಬಟ್ಟೆಯ ನಾಲಿಗೆಯೊಂದು ಅದರ ಬಾಯನ್ನು ಮುಚ್ಚಿತ್ತು, ಅಷ್ಟೆ.

“ಇದಕ್ಕೂ ಗುಂಡಿ ಹಾಕಿದ್ರೆ ಬೀಳಲ್ಲ ಅಲ್ವಾ ಅತ್ತೆ?” ಅಂದ ಮಂಜು.

“ಅವಳ ಕೈ ನಡುಗೋವಾಗ ಗುಂಡಿ ಬಿಚ್ಚಕ್ಕಾಗಲ್ಲ,” ಅಂದಳು ಅಮ್ಮ. “ಸ್ಕೂಲ್ ಯೂನಿಫಾರ್ಮ್ ಗುಂಡಿ ಎಷ್ಟು ಸಲ ನಾನೇ ಬಿಚ್ಚಿದೀನಿ.”

ಅವನಿಗೂ ಒಂದು ಹೊಲಿದಳು, ಅದೇ ಜೇಬು ಅದೇ ಜಾಗದಲ್ಲಿ. ಮದ್ದನ್ನು ಎರಡು ಪಾಲು ಮಾಡಿಸಿದಳು, ಒಂದು ಚೀಲ ಕಳೆದರೂ ಇನ್ನೊಂದು ಇರಬೇಕೆಂದು. ಆಮೇಲೆ ಪರೀಕ್ಷೆ. ಸ್ಟೂಲಿನ ಮೇಲೆ ನನ್ನ ಅಂಗಿ ತೊಟ್ಟು ಕೂತು, “ನಾನು ಈಗ ವತ್ಸಲ. ತಲೆ ಸುತ್ತಾ ಇದೆ. ಕಣ್ಣು ಮುಚ್ಕೊಂಡು ತೆಗೀರಿ ಮಂಜು,” ಎನ್ನುತ್ತಿದ್ದಳು. ಅವನು ತಡವರಿಸಿ ಸಿರಿಂಜಿನ ಜೇಬಿಗೆ ಕೈ ಹಾಕಿದರೆ, “ಪೋಚ್ಚು. ಹೆಂಡ್ತಿ ಬಿದ್ಲು. ಮೊದಲಿಂದ ಮಾಡಿ,” ಎನ್ನುತ್ತಿದ್ದಳು ನಗದೆ. ಮಂಜುವಿನ ಕೈ ತಾನಾಗಿಯೇ ಜೇಬಿಗೆ ಹೋಗುವ ತನಕ ಬಿಡಲಿಲ್ಲ.

ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ, ವಾಲಾಜಾವನ್ನೂ ಸೇರಿಸಿ. ಅಂಗಿಯನ್ನು ಅವರು ತಿರುಗಿಸಿ ತಿರುಗಿಸಿ ನೋಡಿದರು. ಯಾರು ಹೊಲಿದದ್ದು ಎಂದು ಕೇಳಿ, ಅಮ್ಮನ ಕಡೆ ನೋಡಿ ತಲೆಯಾಡಿಸಿದರು. ಅಮ್ಮ ಹೊರಗೆ ಹೋದ ಮೇಲೆ ಇನ್ನೊಂದು ಮಾತು ಕೇಳಿದೆ. ನಾನೂ ಓಡಿಸಬಹುದೇ? ಆಗಲೇ ನಾನು ಭಾನುವಾರಗಳಂದು ರೈಲ್ವೆ ಮೈದಾನದಲ್ಲಿ ಮಂಜುವಿನ ಬೈಕು ಓಡಿಸಲು ಕಲಿತು ಲೈಸೆನ್ಸು ಪಡೆದಿದ್ದೆ. ಅಮ್ಮನಿಗೆ ಗೊತ್ತಿರಲಿಲ್ಲ. ಡಾಕ್ಟರು ಯೋಚಿಸಿ, “ಹ್ಯಾಂಡಲ್ ಮುಟ್ಟೋ ಮುಂಚೆ ಪ್ರತಿ ಸಲ ರಕ್ತ ಅಳೀಬೇಕು. ಒಂದು ಸಲ ತಪ್ಪಿದ್ರೂ ಹಿಂದಿನ ಸೀಟು,” ಎಂದು ತಮಿಳಿನಲ್ಲಿ ಕಟ್ಟುನಿಟ್ಟು ಮಾಡಿ ಒಪ್ಪಿಗೆ ಕೊಟ್ಟರು.

ಮೇ ಕೊನೆಯಲ್ಲಿ, ಹೊರಡುವ ಹಿಂದಿನ ದಿನ, ನಡುಮನೆಯ ನೆಲದ ಮೇಲೆ ಎಲ್ಲವನ್ನೂ ಹರಡಿದೆವು. ಹೊರಗೆ ಗಾಳಿಯೇ ಕಾದ ಹೆಂಚಿನ ಹಾಗಿತ್ತು. ಪಂಕ್ಚರ್ ಸಾಮಾನು, ಕ್ಲಚ್ ಕೇಬಲ್ಲು, ಸ್ಪಾರ್ಕ್ ಪ್ಲಗ್ಗು, ನನ್ನ ಎರಡು ಚೂಡಿದಾರು, ಅವನ ಎರಡು ಪ್ಯಾಂಟು. ಎಡದ ಚೀಲಕ್ಕೂ ಬಲದ ಚೀಲಕ್ಕೂ ಭಾರ ಸಮವಾಗಲೆಂದು ಅಮ್ಮ ಎರಡನ್ನೂ ಕೈಯಲ್ಲಿ ಎತ್ತಿ ಎತ್ತಿ ನೋಡಿದಳು. ಬಲದ ಚೀಲದ ಬಾಯಿ ಮುಚ್ಚಲಿಲ್ಲ. ಅವಳೇ ಮಾಡಿಟ್ಟಿದ್ದ ಪುಳಿಯೋಗರೆ ಗೊಜ್ಜಿನ ಬಾಟಲಿಯನ್ನು ಅವಳೇ ಹೊರಗೆ ತೆಗೆದು, ಆ ಜಾಗಕ್ಕೆ ಇನ್ನೊಂದು ಕಟ್ಟು ಸಿರಿಂಜು ಇಟ್ಟಳು. ಮಗಳನ್ನು ಪಕ್ಕದ ಬೀದಿಗೆ ಕಳಿಸುವಾಗಲೂ ಡಬ್ಬಿ ತುಂಬಿ ಕೊಡುತ್ತಿದ್ದ ಕೈ ಅದು. “ಹೋಟ್ಲಲ್ಲಿ ಅನ್ನ ಸಿಗತ್ತೆ. ಇದು ಸಿಗಲ್ಲ,” ಎಂದಳು. ಚೀಲ ಮುಚ್ಚಿತು.

ನಸುಕಿನಲ್ಲಿ ಹೊರಟಾಗ ಅಮ್ಮ ಬಾಗಿಲಲ್ಲಿ ನಿಂತು ಕೈ ಬೀಸಲಿಲ್ಲ. ಹಗ್ಗದ ಗಂಟುಗಳನ್ನು ಎಳೆದು ನೋಡುತ್ತಿದ್ದಳು. ಎಲ್ಲವೂ ಒಂದೇ ಎಳೆತಕ್ಕೆ ಬಿಚ್ಚುವ ಗಂಟು. ವಾಲಾಜಾದ ಪಾಠ ಅದು.

ಹೊಸೂರು, ಬೆಂಗಳೂರು, ಚಿತ್ರದುರ್ಗ, ಹುಬ್ಬಳ್ಳಿ. ದಾರಿಯ ಬಗ್ಗೆ ಹೇಳಹೊರಟರೆ ಮುಗಿಯುವುದಿಲ್ಲ. ಹಿರಿಯೂರಿನ ಆಚೆ ಬಯಲಿನ ಬಿಸಿಗಾಳಿ ಮುಖ ಸುಡುತ್ತಿದ್ದರೂ ಕಾಲ ಬಳಿ ತೂಗುತ್ತಿದ್ದ ಕ್ಯಾನ್ವಾಸು ಮುಟ್ಟಿದರೆ ತಂಪು. ಪೆಟ್ರೋಲ್ ಬಂಕಿನಲ್ಲಿ ನಾನು ಬೆರಳು ಚುಚ್ಚಿ ರಕ್ತ ಅಳೆದು, ಹೆಲ್ಮೆಟ್ ಹಾಕಿ, ಮುಂದಿನ ಸೀಟಿಗೆ ಕಾಲು ಹಾಕಿದರೆ ಅಲ್ಲಿದ್ದವರು ಕೆಲಸ ಬಿಟ್ಟು ನೋಡುತ್ತಿದ್ದರು. ಹಾವೇರಿಯ ಹತ್ತಿರ ಹಿಂದೆ ಕೂತಿದ್ದಾಗ ಒಮ್ಮೆ ತುಟಿ ಜುಮ್ಮೆಂದಿತು. ಬುದ್ಧಿಗೆ ತಿಳಿಯುವ ಮೊದಲೇ ಕೈ ಆ ಜೇಬಿಗೆ ಹೋಗಿತ್ತು. ಮಂಜುವಿನ ಬೆನ್ನು ತಟ್ಟಿ ಗಾಡಿ ನಿಲ್ಲಿಸಿದೆ. ರಸ್ತೆ ಬದಿಯಲ್ಲಿ ಕೂತು ಗ್ಲೂಕೋಸು ಚೀಪುತ್ತಾ, ಜೀವನದಲ್ಲಿ ಮೊದಲ ಸಲ ನನ್ನನ್ನು ನಾನೇ ನೋಡಿಕೊಂಡೆ ಎಂದು ಗರ್ವಪಟ್ಟೆ. ಆ ಗರ್ವಕ್ಕೆ ನನಗೆ ನಾಚಿಕೆಯಿಲ್ಲ.

ದಿನಾ ಸಂಜೆ ಎಸ್ಟಿಡಿ ಬೂತಿನಿಂದ ಮನೆಗೆ ಫೋನು ಮಾಡುತ್ತಿದ್ದೆ. ಅಮ್ಮ ಎತ್ತಿದ ಕೂಡಲೇ ಒಂದೇ ಮಾತು, “ಎಷ್ಟು?” ನಾನು ಸಕ್ಕರೆಯ ಅಂಕಿ ಹೇಳುತ್ತಿದ್ದೆ. “ಸೆರಿ,” ಎಂದು ಇಟ್ಟುಬಿಡುತ್ತಿದ್ದಳು. ಕಾರವಾರದ ಸಂಜೆ, ಕೆಂಪು ಸೂರ್ಯ ನೀರಿಗಿಳಿದು ಪೂರಾ ಮುಳುಗುವ ತನಕ ಮರಳಿನ ಮೇಲೆ ನಿಂತು ನೋಡಿ, ಬೂತಿಗೆ ಹೋಗಿ ಫೋನು ಮಾಡಿದೆ. ಅಂಕಿ ಬಾಯಲ್ಲೇ ಇತ್ತು.

“ಸಮುದ್ರ ಹೇಗಿದೆ?” ಅಂದಳು ಅಮ್ಮ.

ಅವಳೂ ಪಡುವಣ ಕಡಲನ್ನು ಕಂಡವಳಲ್ಲ ಎಂದು ಆ ಕ್ಷಣದವರೆಗೆ ನನಗೆ ಹೊಳೆದೇ ಇರಲಿಲ್ಲ. ನಾನು ಹೇಳುತ್ತಾ ಹೋದೆ. ಅವಳು ಕೇಳುತ್ತಾ ಇದ್ದಳು. ಅಂಕಿಯನ್ನು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಜೂನ್ ಮೊದಲ ವಾರ ಮರಳಿದೆವು. ಶ್ರೀಪೆರಂಬೂದೂರಿನಲ್ಲಿ ಮಂಜುವಿಗೆ ಕಣ್ಣುರಿ ತಡೆಯಲಾಗಲಿಲ್ಲ. ನಾನು ಅಳೆದು ನೋಡಿದೆ, ಸರಿಯಾಗಿತ್ತು. ಹ್ಯಾಂಡಲ್ ಹಿಡಿದೆ. ಪೂನಮಲ್ಲಿ ಹೈರೋಡಿನ ಬಸ್ಸು, ಲಾರಿಗಳ ನಡುವೆ ನುಸುಳಿ ನಡುಮಧ್ಯಾಹ್ನ ನಮ್ಮ ಬೀದಿಗೆ ತಿರುಗಿದರೆ ನೀರಿನ ಲಾರಿ ಬಂದು ನಿಂತಿತ್ತು. ಬಣ್ಣದ ಕೊಡಗಳ ಸಾಲು, ಸಾಲಿನಲ್ಲಿ ಅಮ್ಮ. ಧೂಳು ಮೆತ್ತಿದ ಬೈಕನ್ನು ನಾನು ಸಾಲಿನ ಪಕ್ಕದಲ್ಲೇ ನಿಲ್ಲಿಸಿ ಹೆಲ್ಮೆಟ್ ತೆಗೆದೆ.

ಅಮ್ಮ ಮೊದಲು ನನ್ನನ್ನು ನೋಡಿದಳು. ಆಮೇಲೆ ಹಿಂದಿನ ಸೀಟಿನಲ್ಲಿದ್ದ ಅಳಿಯನನ್ನು ನೋಡಿದಳು. ಮತ್ತೆ ಹ್ಯಾಂಡಲಿನ ಮೇಲಿದ್ದ ನನ್ನ ಕೈಗಳನ್ನು ನೋಡಿದಳು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಅವಳು ಕೊಡವನ್ನು ಸೊಂಟದಿಂದ ಇಳಿಸಿ, ಸಾಲಿನ ಕಡೆ ತಿರುಗಿ, ಯಾರೂ ಕೇಳದಿದ್ದರೂ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ಓಟ್ಟಿಟ್ಟು ವಂದದು ಎನ್ ಪೊಣ್ಣು.” ಓಡಿಸಿಕೊಂಡು ಬಂದವಳು ನನ್ನ ಮಗಳು.

“ಅವಳಿಗೆ ಶುಗರ್ ಇದೆಯಲ್ಲಮ್ಮಾ?” ಅಂದಳು ಹಿಂದಿನ ಮನೆಯಾಕೆ ತಮಿಳಿನಲ್ಲಿ.

“ಇದೆ,” ಅಂದಳು ಅಮ್ಮ, ಅವಳೂ ತಮಿಳಿನಲ್ಲೇ. “ಅದನ್ನೂ ಕಟ್ಟಿಕೊಂಡು ಹೋಗಿ ಬಂದಳು.”